ರಫೂ ಅಣ್ಣನ ಪಾಲುದಾರ

ರಫೂ ಅಣ್ಣ ಮುಚ್ಚಿದ ತೂತನ್ನು ಆಮೇಲೆ ಅವರೇ ಹುಡುಕಲಾರರು ಎಂದು ನಮ್ಮ ಲಾಂಡ್ರಿಯಲ್ಲಿ ಒಂದು ಮಾತಿತ್ತು. ಬೆಲೆಬಾಳುವ ಬಟ್ಟೆಗೆ ಕಿಡಿ ತಾಗಿ ಮೆಣಸಿನ ಕಾಳಿನಷ್ಟು ತೂತಾಗಿದ್ದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿಕೊಂಡು, ಸಣ್ಣ ಸೂಜಿಯಲ್ಲಿ ಒಂದೊಂದನ್ನೇ ಮೇಲೆ ಕೆಳಗೆ ನೇಯ್ದು ಮುಚ್ಚುವ ರಫೂ ಅವರ ಕೆಲಸ. ಮೂವತ್ತೊಂದು ವರ್ಷ ಅದನ್ನೇ ಮಾಡಿದರು. ನಾನು ಅಲ್ಲಿ ಇಸ್ತ್ರಿ ಮಾಡುವವಳು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನಂತೂ ಕಂಡಿಲ್ಲ.

ಆ ಕೆಲಸದಲ್ಲಿ ಮೈ ಅಲ್ಲಾಡಬಾರದು. ಭೂತಗನ್ನಡಿಯ ಮೇಲೆ ಬಾಗಿ ಕೂತರೆಂದರೆ ಗಂಟೆಗಟ್ಟಲೆ ಕಲ್ಲು. ಮೂಗಿನ ಮೇಲೆ ನೊಣ ಕೂತರೂ ಓಡಿಸುತ್ತಿರಲಿಲ್ಲ. ಚಹಾ ಕೊಡುವಾಗ ನಾನು ಕೆಣಕುತ್ತಿದ್ದೆ.

“ಅಣ್ಣಾ, ಇದ್ದೀರೋ ಹೋದ್ರೋ?”

“ಇನ್ನೆರಡು ಎಳೆ ಬಾಕಿ ಇದೆ ಕಣಮ್ಮ, ಮುಗಿಸ್ಕೊಂಡು ಹೋಗ್ತೀನಿ.”

ಒಣಗಿಸುವ ಹೊಸ ಯಂತ್ರ ಬಂದಾಗ ಕಿಟಕಿ ಪಕ್ಕದ ಅವರ ಜಾಗ ಅದಕ್ಕೆ ಹೋಯಿತು. ಅವರನ್ನು ನೆಲಮಾಳಿಗೆಗೆ ಇಳಿಸಿದರು. ಅದೇ ವರ್ಷ ಇಡೀ ಕಟ್ಟಡಕ್ಕೆ ಬುದ್ಧಿ ಬಂತು. ಸ್ವಿಚ್ಚುಗಳನ್ನೆಲ್ಲ ಕಿತ್ತು, ಕೋಣೆ ಕೋಣೆಯ ಚಾವಣಿಗೂ ಅರ್ಧ ನಿಂಬೆಹಣ್ಣಿನಂಥ ಬಿಳಿ ಕಣ್ಣೊಂದನ್ನು ಕೂರಿಸಿದರು. ಒಳಗೆ ಯಾರಾದರೂ ಓಡಾಡಿದರೆ ದೀಪ ಉರಿಯುತ್ತದೆ, ಗಾಳಿ ಬೀಸುತ್ತದೆ. ಇಲ್ಲದಿದ್ದರೆ ಎರಡೂ ನಿಲ್ಲುತ್ತವೆ. ಸದಾ ಮೇಲಿಂದ ನೋಡುತ್ತಾಳೆ, ಕೈ ನಿಂತರೆ ಮುನಿಯುತ್ತಾಳೆ ಎಂದು ನಾವು ಹೆಂಗಸರು ಅದಕ್ಕೆ ಅತ್ತೆಮ್ಮ ಎಂದು ಹೆಸರಿಟ್ಟೆವು. ಒಬ್ಬರೇ ಕೂತು ಕೆಲಸ ಮಾಡುವವರಿಗಾಗಿ ಇನ್ನೊಂದು ಏರ್ಪಾಡಿತ್ತು. ಅವರು ಹದಿನೈದು ನಿಮಿಷ ಅಲ್ಲಾಡದಿದ್ದರೆ ದೀಪ ಆರುವುದರ ಜೊತೆಗೆ ಮ್ಯಾನೇಜರನ ಫೋನಿನಲ್ಲಿ ಗಂಟೆ ಹೊಡೆಯುತ್ತದೆ, ಅವನು ಹೋಗಿ ನೋಡಲೇಬೇಕು.

ಇದರಿಂದ ಎಲ್ಲರಿಗಿಂತ ಹೆಚ್ಚು ನೆಮ್ಮದಿಯಾದದ್ದು ರಫೂ ಅಣ್ಣನ ಹೆಂಡತಿಗೆ. ಅವರನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಹಿಂದಿನ ವರ್ಷ ಅಣ್ಣನಿಗೆ ಎದೆನೋವು ಬಂದು, ಒಬ್ಬರೇ ಇರಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರು.

“ಸದ್ಯ, ಅಲ್ಲಿ ಬಿದ್ರೂ ಕಾಲು ಗಂಟೇಲಿ ಯಾರಾದ್ರೂ ಬರ್ತಾರಲ್ಲ” ಎಂದು ಅತ್ತಿಗೆ ನನ್ನ ಕೈ ಹಿಡಿದುಕೊಂಡು ಹೇಳಿದ್ದರು.

ಆದರೆ ಅಲ್ಲಾಡದೆ ಕೂರುವುದೇ ಕಸುಬಾದವನನ್ನು ಅಲ್ಲಾಡಿದರಷ್ಟೇ ಕಾಣುವ ಕಣ್ಣು ಹೇಗೆ ಕಾಯಬೇಕು? ದಿನಕ್ಕೆ ನಾಲ್ಕೈದು ಸಲ ದೀಪ ಆರುತ್ತಿತ್ತು. ಕತ್ತಲಾದೊಡನೆ ಎಣಿಸಿಟ್ಟ ಎಳೆಗಳ ಲೆಕ್ಕ ತಪ್ಪಿ, ಅರ್ಧ ದಿನದ ಕೆಲಸ ಬಿಚ್ಚಬೇಕಾಗುತ್ತಿತ್ತು. ಆಗಾಗ ಎಡಗೈ ಎತ್ತಿ ಚಾವಣಿಯತ್ತ ಬೀಸುವುದನ್ನು ರೂಢಿ ಮಾಡಿಕೊಳ್ಳಲು ನೋಡಿದರು. “ಏನಣ್ಣಾ, ಅತ್ತೆಮ್ಮನಿಗೆ ಟಾಟಾನಾ?” ಎಂದು ನಾನು ನಗುತ್ತಿದ್ದೆ. ಸೂಜಿ ಹಿಡಿದರೆ ಅವರಿಗೆ ಕೈ ಬೀಸುವುದೇ ಮರೆತುಹೋಗುತ್ತಿತ್ತು. ಪ್ರತಿ ಸಲ ಮ್ಯಾನೇಜರ ಏದುಸಿರು ಬಿಡುತ್ತಾ ಇಳಿದು ಬರುತ್ತಿದ್ದ. ಒಂದು ದಿನ ಅವನ ತಾಳ್ಮೆ ಕೆಟ್ಟಿತು.

“ನೀವು ಬದುಕಿದೀರಾ ಅಂತ ನೋಡೋದೇ ನನ್ನ ಉದ್ಯೋಗ ಆಗೋಯ್ತಲ್ರೀ! ಇನ್ನೊಂದ್ಸಲ ಸುಮ್ಸುಮ್ನೆ ಗಂಟೆ ಹೊಡೀಲಿ, ನಾಳೆಯಿಂದ ಮನೇಲಿರಿ.”

ಅರವತ್ತೆರಡರಲ್ಲಿ ಅವರಿಗೆ ಬೇರೆ ಎಲ್ಲಿ ಕೆಲಸ ಸಿಗಬೇಕು? ಅವರ ಮುಖ ನೋಡಲಾಗದೆ ನಾನೊಂದು ಉಪಾಯ ಮಾಡಿದೆ. ಮೂರು ವರ್ಷದಿಂದ ಯಾರೂ ಒಯ್ಯದೆ ಬಿದ್ದಿದ್ದ ಕರಿ ಕೋಟೊಂದನ್ನು ತಂದು, ಗಾಳಿ ಬರುವ ಕಿಂಡಿಯ ಕೆಳಗೆ ಹ್ಯಾಂಗರಿಗೆ ತೂಗುಹಾಕಿದೆ. ಗಾಳಿಗೆ ಕೋಟು ಅಲ್ಲಾಡಿತು. ಕೋಟು ಅಲ್ಲಾಡಿದ್ದಕ್ಕೆ ಅತ್ತೆಮ್ಮ ಮತ್ತೆ ಗಾಳಿ ಬಿಟ್ಟಳು. ದೀಪ ಆರಲೇ ಇಲ್ಲ.

“ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಣ್ಣಾ” ಎಂದೆ.

ಅವರು ಬಹಳ ದಿನದ ಮೇಲೆ ನಕ್ಕರು. ಕೋಟಿಗೆ ಪಾಲುದಾರ ಎಂದು ಹೆಸರಿಟ್ಟರು. ಸಂಜೆ ಹೊರಡುವಾಗ ಇಳಿಸಿ ಮಡಿಸಿಟ್ಟು, “ಪಾಲುದಾರ ಇವತ್ತು ನನಗಿಂತ ಜಾಸ್ತಿ ದುಡಿದ” ಎನ್ನುತ್ತಾ ಮೇಲೆ ಬರುತ್ತಿದ್ದರು.

ಅಣ್ಣ ಬಿದ್ದರೂ ಇನ್ನು ಆ ಗಂಟೆ ಹೊಡೆಯುವುದಿಲ್ಲ ಎಂಬ ಯೋಚನೆ ನನಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. “ನಾನಿದೀನಲ್ಲ, ದಿನಾ ಹತ್ತು ಗಂಟೆಗೆ, ಊಟದ ಹೊತ್ತಿಗೆ ಬಂದು ನೋಡ್ಕೊಂಡು ಹೋಗ್ತೀನಿ” ಎಂದು ಮಾತು ಕೊಟ್ಟೆ. ಒಂದೆರಡು ತಿಂಗಳು ಹೋಗಿಯೂ ಹೋದೆ. ನನ್ನ ಮೇಜಿನ ಎದುರಿನ ಗೋಡೆಯಲ್ಲಿ ಕಟ್ಟಡದ ನಕ್ಷೆ ತೋರಿಸುವ ಪರದೆಯಿದೆ. ಜನ ಓಡಾಡುವ ಕೋಣೆಗೆ ಹಸಿರು ಚುಕ್ಕೆ. ಕೈಯಲ್ಲಿ ಕೆಲಸ ಹೆಚ್ಚಿದ್ದ ದಿನ ನೆಲಮಾಳಿಗೆಯ ಚುಕ್ಕೆಯತ್ತ ಕಣ್ಣು ಹಾಯಿಸಿ, ಸರಿ, ಅಣ್ಣ ಚೆನ್ನಾಗಿದ್ದಾರೆ ಅಂದುಕೊಳ್ಳತೊಡಗಿದೆ. ಆ ಚುಕ್ಕೆ ಕೋಟಿನದು ಎಂದು ಮೇಲಿದ್ದವರಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಆದರೂ ನಂಬಿದೆ. ದಿನವೂ ಕಂಡದ್ದನ್ನು ನಂಬದಿರುವುದು ಕಷ್ಟ. ಇದನ್ನು ನೆಪ ಎಂದು ಬೇಕಾದರೂ ಕರೆಯಿರಿ.

ಆ ದಿನ ಒಂದು ಹೋಟೆಲಿನಿಂದ ಇನ್ನೂರು ಮೇಜುಬಟ್ಟೆ ಬಂದಿದ್ದವು. ಹತ್ತಕ್ಕೆ ನೋಡಿದೆ, ಹಸಿರು. ಊಟದ ಹೊತ್ತಿಗೆ ನೋಡಿದೆ, ಹಸಿರು. ಸಂಜೆ ಐದೂವರೆಗೆ ಎಲ್ಲರೂ ಹೊರಟು ನಿಂತರೂ ಅಣ್ಣ ಮೇಲೆ ಬರಲಿಲ್ಲ. ಇಳಿದು ಹೋದೆ. ದೀಪ ಉರಿಯುತ್ತಿತ್ತು, ಗಾಳಿ ತಂಪಾಗಿ ಬೀಸುತ್ತಿತ್ತು, ಪಾಲುದಾರ ತೋಳಾಡಿಸುತ್ತಿದ್ದ. ರಫೂ ಅಣ್ಣ ನೆಲದ ಮೇಲೆ ಬೋರಲಾಗಿ ಬಿದ್ದಿದ್ದರು. ಕುರ್ಚಿಯಿಂದ ಬಾಗಿಲ ಕಡೆಗೆ ಒಂದು ಮಾರು ತೆವಳಿದ್ದರು. ಮೈ ತಣ್ಣಗಿತ್ತು. ಅಲ್ಲಿ ಫೋನು ಸಿಗುವುದಿಲ್ಲ, ಯಂತ್ರಗಳ ಗದ್ದಲದಲ್ಲಿ ಕೂಗಿದರೆ ಮೇಲೆ ಕೇಳಿಸುವುದೂ ಇಲ್ಲ.

ಜನರನ್ನು ಕೂಗುವ ಮೊದಲು ನಾನೊಂದು ಕೆಲಸ ಮಾಡಿದೆ. ಕೋಟನ್ನು ಇಳಿಸಿ, ಮಡಿಸಿ, ಮೂಲೆಯಲ್ಲಿದ್ದ ಬಟ್ಟೆ ಪೆಟ್ಟಿಗೆಯ ತಳಕ್ಕೆ ತುರುಕಿದೆ. ಆಮೇಲೆ ಮೆಟ್ಟಿಲು ಹತ್ತಿ ಹೋಗಿ ಕಿರುಚಿದೆ.

ಬೆಳಿಗ್ಗೆ ಹತ್ತರ ಸುಮಾರಿಗೆ ಬಿದ್ದಿದ್ದಾರೆ, ಮಧ್ಯಾಹ್ನ ಒಂದು ಗಂಟೆಯವರೆಗೂ ಜೀವ ಇದ್ದಿರಬೇಕು ಎಂದರು ಡಾಕ್ಟರು. ಬೇಗ ಕರೆತಂದಿದ್ದರೆ ಉಳಿಯುತ್ತಿದ್ದರು ಎಂಬುದನ್ನೂ ಹೇಳಿದರು. ಮ್ಯಾನೇಜರ ಮಾತ್ರ, ವ್ಯವಸ್ಥೆಯಲ್ಲಿ ಯಾವ ದೋಷವೂ ಇರಲಿಲ್ಲ ಎಂದು ಆ ದಿನದ ದಾಖಲೆಯನ್ನು ಅಚ್ಚು ಹಾಕಿಸಿ ಅತ್ತಿಗೆಯ ಕೈಗಿಟ್ಟ.

ವಾರದ ಮೇಲೆ ಅವರ ಮನೆಗೆ ಹೋದೆ. ಅತ್ತಿಗೆ ಅಡುಗೆಮನೆಯಲ್ಲಿ ಆ ಕಾಗದವನ್ನು ಮುಂದಿಟ್ಟುಕೊಂಡು ಕೂತಿದ್ದರು.

“ಇವರು ಮಧ್ಯಾಹ್ನ ಒಂದು ಗಂಟೆಗೇ ಹೋದ್ರು ಅಂತಾರೆ ಡಾಕ್ಟ್ರು. ಇದರಲ್ಲಿ ಸಂಜೆ ತನಕ ಒಂದು ಗಳಿಗೆ ನಿಲ್ದೆ ಓಡಾಡಿದಾರೆ ಅಂತಿದೆ. ಅವರ ಮೇಲೆ ಸತ್ಯ ಮಾಡಿ ಹೇಳು, ನಾನು ಯಾವುದನ್ನ ನಂಬಲಿ?”

ಸುಳ್ಳು ಹೇಳಬೇಕೆಂದೇ ಹೋಗಿದ್ದೆ. ಆಗಲಿಲ್ಲ. ಕೋಟಿನ ವಿಷಯ, ಕೊಟ್ಟ ಮಾತು, ಹಸಿರು ಚುಕ್ಕೆ, ಕೂಗುವ ಮೊದಲು ಅದನ್ನು ಬಚ್ಚಿಟ್ಟದ್ದು, ಎಲ್ಲವನ್ನೂ ಹೇಳಿದೆ. ಅವರು ಅಳಲಿಲ್ಲ. “ಬೈದುಬಿಡಿ ಅತ್ತಿಗೆ” ಎಂದು ಕಾಲು ಹಿಡಿದೆ. ಕಾಲು ಹಿಂದಕ್ಕೆಳೆದುಕೊಂಡರು.

“ನಿನ್ನ ಮೇಜಿಂದ ಅವರ ಕೋಣೆಗೆ ಎಷ್ಟು ಮೆಟ್ಟಿಲು?”

“ಹದಿನಾಲ್ಕು.”

ಕಾಗದವನ್ನು ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು. ಎದ್ದು ಹೋಗಿ ಬೀದಿಬಾಗಿಲನ್ನು ತೆರೆದು ಹಿಡಿದು ನಿಂತರು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದೆ.