ಡ್ರಮ್ ಒಂದು: ಬೇಡ

ನಮ್ಮ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದವನನ್ನು ತಗಡು ಎಂದು ಕರೆಯುತ್ತಿದ್ದೆವು; ಅವನ ಹತ್ತಿರ ಯಾರಾದರೂ ಎರಡು ನಿಮಿಷ ನಿಂತರೆ ಮೂರನೇ ನಿಮಿಷಕ್ಕೆ ನಮ್ಮ ಹಾಡಿನ ಮಾತು ಬರುತ್ತಿತ್ತು. "ಅದ್ರಲ್ಲಿ ಡ್ರಮ್ ಬಾರಿಸಿದ್ದು ನಾನೇ" ಎನ್ನುತ್ತಿದ್ದ. ಹಲ್ಲು ಕೀಳಿಸಿಕೊಳ್ಳಲು ಹೋದಾಗಲೂ ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಡಾಕ್ಟರಿಗೆ ಹೇಳಿದ್ದನೆಂದು ಅವನ ಹೆಂಡತಿ ತಲೆ ಚಚ್ಚಿಕೊಳ್ಳುತ್ತಿದ್ದಳು. ಅದು ನಿಜವಲ್ಲ ಎಂಬುದು ನಮ್ಮ ಬ್ಯಾಂಡಿನ ಉಳಿದ ಮೂವರಿಗೂ ಗೊತ್ತಿತ್ತು. ಅವನೊಬ್ಬನಿಗೆ ಗೊತ್ತಿರಲಿಲ್ಲ. ಮೂವತ್ತೆಂಟು ವರ್ಷ ಹಾಗೇ ನಡೆಸಿದೆವು, ಮತ್ತು ಅದರಲ್ಲಿ ನಮಗೆ ಬಹಳ ಮಜಾ ಸಿಕ್ಕಿತು. ಇದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವನಿಗೆ ತಗಡು ಎಂಬ ಹೆಸರು ಬಂದದ್ದು ಕೆಲಸದಿಂದ. ಕಾರ್ಖಾನೆಗಳಿಗೆ, ಸಿನಿಮಾ ಮಂದಿರಗಳಿಗೆ ಗಾಳಿ ಹಾಯಿಸುವ ದೊಡ್ಡ ತಗಡಿನ ಕೊಳವೆಗಳನ್ನು ಮಾಡುವ ವರ್ಕ್‌ಶಾಪಿನಲ್ಲಿ ಹದಿನಾರನೇ ವಯಸ್ಸಿಗೇ ಸೇರಿದ್ದ. ತಗಡಿನ ಎರಡು ಅಂಚುಗಳನ್ನು ಮಡಿಚಿ ಒಂದರೊಳಗೊಂದು ಸಿಕ್ಕಿಸಿ, ಆಚೆಯೊಬ್ಬ ಈಚೆಯೊಬ್ಬ ನಿಂತು ಸುತ್ತಿಗೆಯಿಂದ ಬಡಿಯಬೇಕು. ಇವನ ಏಟು ಬಿದ್ದ ಮೇಲೆ ಅವನದು, ಅವನದು ಬಿದ್ದ ಮೇಲೆ ಇವನದು. ಎಡಗೈಯಲ್ಲಿ ಇಬ್ಬರೂ ಅಂಚನ್ನು ಒತ್ತಿ ಹಿಡಿದಿರುವುದರಿಂದ ಒಂದು ಏಟು ಹೊತ್ತು ತಪ್ಪಿದರೆ ಎದುರಿನವನ ಬೆರಳು ಚಟ್ನಿ. ನಮ್ಮ ತಗಡಿನ ಎದುರು ನಿಂತವರ ಬೆರಳು ಒಂದೂ ಜಜ್ಜಿಹೋಗಿರಲಿಲ್ಲ. ಅವನ ಎದುರು ನಿಲ್ಲುವುದಕ್ಕೆ ಕೆಲಸಗಾರರು ಜಗಳವಾಡುತ್ತಿದ್ದರಂತೆ. ಬೆರಳು ಉಳಿದವು, ಕಿವಿ ಹೋಯಿತು. ಇಪ್ಪತ್ತೆಂಟಕ್ಕೇ ಅವನಿಗೆ ಸಣ್ಣ ಸದ್ದುಗಳು ಕೇಳುತ್ತಿರಲಿಲ್ಲ. ಸೈಕಲ್ ಗಂಟೆ ಹಿಂದೆಯೇ ಬಾರಿಸಿದರೂ ತಿರುಗುತ್ತಿರಲಿಲ್ಲ.

ಭಾನುವಾರ ವರ್ಕ್‌ಶಾಪಿಗೆ ರಜೆ. ಬೀಗದ ಕೈ ಅವನ ಬಳಿ ಇರುತ್ತಿದ್ದುದರಿಂದ ನಾವು ಅವನನ್ನು ಬ್ಯಾಂಡಿಗೆ ಸೇರಿಸಿಕೊಂಡೆವು. ಅಭ್ಯಾಸಕ್ಕೆ ಜಾಗ ಬೇಕಿತ್ತು. ಹಾಡುವವನಿಗೆ ದೊರೆ ಎಂದು ಹೆಸರಿಟ್ಟಿದ್ದೆವು, ಒಂದು ವೈರನ್ನೂ ಅವನು ಎತ್ತಿದವನಲ್ಲ. ಬೇಸ್ ಗಿಟಾರಿನವನು ಗೂಟ, ನಿಂತ ಜಾಗ ಬಿಟ್ಟು ಕದಲುತ್ತಿರಲಿಲ್ಲ. ನಾನು ಗಿಟಾರ್. ನನ್ನ ಗಿಟಾರ್ ಇಲ್ಲದಿದ್ದರೆ ಈ ಬ್ಯಾಂಡ್ ಮೂರು ಕಾಸಿಗೆ ಬಾಳದು ಎಂದು ಆಗ ನಂಬಿದ್ದೆ.

ನಾವು ಮಾಡಿದ್ದು ಒಂದೇ ರೆಕಾರ್ಡ್, ಒಂದು ಮಗ್ಗುಲಿಗೆ ಒಂದೇ ಹಾಡು ಹಿಡಿಯುವ ಪುಟ್ಟದು. ಸ್ಟುಡಿಯೊ ಬೆಳಿಗ್ಗೆ ಆರಕ್ಕೆ ಸಿಕ್ಕಿತು. ತಗಡು ಕಣ್ಣು ಮುಚ್ಚಿಕೊಂಡು ನಮ್ಮ ಜೊತೆ ಒಂದೇ ಸಲಕ್ಕೆ ಬಾರಿಸಿ ಮುಗಿಸಿ, ಎಂಟಕ್ಕೆ ಕೆಲಸವಿದೆಯೆಂದು ಓಡಿದ. ಅವನು ಹೋದ ಮೇಲೆ ನಾವು ಕೇಳಿದೆವು. ಕೊನೆಯ ಭಾಗ ಬರುತ್ತಿದ್ದಂತೆ ಗಿಟಾರಿನ ದಾರಿ ಒಂದು, ಡ್ರಮ್ಮಿನ ದಾರಿ ಒಂದು.

"ತಗಡು ಹಿಂದೆ ಬೀಳ್ತಿದಾನೆ" ಎಂದ ದೊರೆ.

"ಕಿವಿ ಇಲ್ದೋನು ಇನ್ನೇನು ಮಾಡ್ತಾನೆ?" ಎಂದೆ ನಾನು.

ರೆಕಾರ್ಡಿಂಗ್ ಮಾಡುತ್ತಿದ್ದ ಮುದುಕ ಪಕ್ಕದ ಹೋಟೆಲಿನಲ್ಲಿ ದಿನಾ ನುಡಿಸುತ್ತಿದ್ದ ಡ್ರಮ್ಮರನ್ನು ಕರೆಸಿದ. ಆ ಮನುಷ್ಯ ಟೀ ಕುಡಿಯುತ್ತಾ ಹಾಡನ್ನು ಎರಡು ಸಲ ಕೇಳಿ, ನನ್ನ ಗಿಟಾರಿನ ಬೆನ್ನು ಹಿಡಿದು ಬಾರಿಸಿಕೊಟ್ಟ. ಕೊನೆಯಲ್ಲಿ ಪಾತ್ರೆ ಅಂಗಡಿ ಉರುಳಿದ ಹಾಗೆ ಸಿಂಬಲ್ ಎಂಬ ಕಂಚಿನ ತಟ್ಟೆಯ ಸದ್ದು ಬೇರೆ ಸೇರಿಸಿದ. ತಗಡಿಗೆ ಹೇಳುವುದು ಬೇಡ, ವರ್ಕ್‌ಶಾಪಿನ ಬೀಗದ ಕೈ ಕಳೆದುಕೊಂಡರೆ ಅಭ್ಯಾಸಕ್ಕೆ ಎಲ್ಲಿಗೆ ಹೋಗುವುದು ಎಂದ ದೊರೆ. ನಮಗೆಲ್ಲ ಅದು ಸರಿಯೆನ್ನಿಸಿತು.

ಹಾಡು ಓಡಿತು. ರೇಡಿಯೊದಲ್ಲಿ, ಕ್ಷೌರದಂಗಡಿಗಳಲ್ಲಿ, ಬಸ್ಸುಗಳಲ್ಲಿ ಎಲ್ಲೆಲ್ಲೂ ಅದೇ. ತಗಡು ಕೇಳುವಾಗ ಅಂಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದು, ಅದುರುವ ದಪ್ಪ ಸದ್ದಿಗೆ ತಲೆ ತೂಗುತ್ತಿದ್ದ. ಸಿಂಬಲ್ ಅವನ ಕಿವಿಗೆ ಬೀಳುತ್ತಲೇ ಇರಲಿಲ್ಲ. ಜನ ಆ ಸಿಂಬಲ್ಲನ್ನು ಹೊಗಳಿದಾಗ ಮಾತ್ರ ಅವನಿಗೆ ಗಲಿಬಿಲಿ.

"ಅಲ್ಲಿ ನಾನು ಸಿಂಬಲ್ ಮುಟ್ಟಿಲ್ಲ ಅನ್ಸುತ್ತಲ್ಲೋ" ಎಂದು ಒಮ್ಮೆ ಕೇಳಿದ್ದ.

"ಮೈಮರೆತು ಬಾರಿಸ್ಬಿಟ್ಟೆ ಕಣೋ, ನಿಂಗೇ ಗೊತ್ತಾಗ್ಲಿಲ್ಲ" ಎಂದ ದೊರೆ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ತಗಡು ಅದನ್ನೂ ನಂಬಿದ. ಮುಂದೆ ತನ್ನ ಕಥೆಗೆ ಅದನ್ನೂ ಸೇರಿಸಿಕೊಂಡ. ಬ್ಯಾಂಡ್ ಮುರಿದುಬಿದ್ದ ಮೇಲೂ ದೊರೆ ವರ್ಷಕ್ಕೊಮ್ಮೆ ಮನೆಯಲ್ಲಿ ಊಟ ಹಾಕಿಸುತ್ತಿದ್ದ. ಬಂದವರಿಗೆಲ್ಲ ಗುಟ್ಟನ್ನು ಮೊದಲೇ ಕಿವಿಯಲ್ಲಿ ಊದಿರುತ್ತಿದ್ದ. ಆಮೇಲೆ ತಗಡಿನ ಕೈಗೆ ಎರಡು ಚಮಚ ಕೊಟ್ಟು, ಖಾಲಿ ತಟ್ಟೆಗಳನ್ನು ಮುಂದಿಟ್ಟು, ಮೈಮರೆತು ಬಾರಿಸಿದ್ದು ಹೇಗೆಂದು ತೋರಿಸು ಎನ್ನುವುದು. ಅವನು ಕಣ್ಣು ಮುಚ್ಚಿ, ಎಂದೂ ಬಾರಿಸದ ಸಿಂಬಲ್ಲನ್ನು ತಟ್ಟೆಯ ಮೇಲೆ ಬಾರಿಸುವುದು. ನಮಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ಅವನ ಹೆಂಡತಿ ಬಾಗಿಲ ಬಳಿ ನಿಂತು, ಗಂಡನಿಗೆ ಇಷ್ಟು ಜನರ ಪ್ರೀತಿ ಇದೆಯಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅದನ್ನು ಕಂಡು ಇನ್ನೂ ನಕ್ಕವರಿದ್ದಾರೆ. ನಾನೂ ನಕ್ಕಿದ್ದೇನೆ.

ಹೋದ ವರ್ಷ ಒಂದು ಕಂಪನಿಯವರು ಆ ಹಾಡನ್ನು ಹೊಸದಾಗಿ ತರುತ್ತೇವೆಂದರು. ಹಳೆಯ ಟೇಪು ಸ್ಟುಡಿಯೊದ ಅಟ್ಟದಲ್ಲಿತ್ತು. ಅದನ್ನು ಕಂಪ್ಯೂಟರಿಗೆ ಹಾಕಿಕೊಂಡ ಸೌಂಡ್ ಎಂಜಿನಿಯರ್ ಹುಡುಗಿ ನಮ್ಮನ್ನು ಬಂದು ಕೇಳಿ ಹೋಗಿ ಎಂದು ಕರೆದಳು. ಗೂಟ ತೀರಿಕೊಂಡಿದ್ದ, ದೊರೆಗೆ ಮಂಡಿನೋವು. ನಾನು ಮತ್ತು ತಗಡು ಹೋದೆವು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಶ್ರವಣಯಂತ್ರಕ್ಕೆ ಹೊಸ ಬ್ಯಾಟರಿ ಹಾಕಿಸಿಕೊಂಡು ಬಂದಿದ್ದ.

"ಅಂಕಲ್, ಟೇಪಲ್ಲಿ ಎರಡು ಡ್ರಮ್ ಇದೆ" ಎಂದಳು ಹುಡುಗಿ. "ಎರಡನೇದು ಹಾಡಲ್ಲಿದೆ. ಮೊದಲನೇದು ಯಾರು ಬಾರಿಸಿದ್ದು?"

"ಎರಡೆಲ್ಲಿಂದ ಬಂತಮ್ಮಾ? ನಾನು ಒಂದೇ ಸಲ ಬಾರಿಸಿ ಕೆಲಸಕ್ಕೆ ಓಡಿದ್ನಲ್ಲ."

ಅವಳು ಟೇಪಿನ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. ಅದರ ಮೇಲೆ ಆ ಮುದುಕನ ಪೆನ್ಸಿಲ್ ಬರಹ: ಡ್ರಮ್ ಒಂದು, ಬೇಡ. ಡ್ರಮ್ ಎರಡು, ಇದೇ. ತಗಡು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ನನ್ನ ಕಡೆ ತಿರುಗಿದ.

"ಇದೇನೋ ಇದು?"

"ಎರಡನೇದು ಹೋಟೆಲ್ ಡ್ರಮ್ಮರದ್ದು. ನೀನು ಹೋದ್ಮೇಲೆ ಕರೆಸಿದ್ವಿ."

"ಯಾಕೆ?"

"ಕೊನೇಲಿ ನೀನು ಹಿಂದೆ ಬೀಳ್ತಿದ್ದೆ."

ಅವನು ಕುರ್ಚಿಯಲ್ಲಿ ಕುಳಿತ. ಡಬ್ಬಿಯ ಮುಚ್ಚಳವನ್ನು ಹಾಕಿದ, ತೆಗೆದ, ಮತ್ತೆ ಹಾಕಿದ. ಆಮೇಲೆ "ನಂದು ಒಂದ್ಸಲ ಕೇಳ್ಸಮ್ಮಾ" ಎಂದ.

ಹುಡುಗಿ ಅವನನ್ನು ಗಾಜಿನಾಚೆಯ ಕೋಣೆಯಲ್ಲಿ ಕೂರಿಸಿ, ಕಿವಿ ತುಂಬ ಮುಚ್ಚುವ ಹೆಡ್‌ಫೋನ್ ಹಾಕಿದಳು. ಅವನು ಎರಡೂ ಕೈಯಿಂದ ಅದನ್ನು ತಲೆಗೆ ಅದುಮಿಕೊಂಡು ಕಣ್ಣು ಮುಚ್ಚಿದ. ಈಚೆ ಬಂದು ಅವಳು ನನಗೆ ಪರದೆ ತೋರಿಸಿದಳು. ತಾಳದ ಲೆಕ್ಕಕ್ಕೆ ಒಂದೇ ಅಂತರದಲ್ಲಿ ಎಳೆದ ಉದ್ದುದ್ದ ಗೆರೆಗಳಿದ್ದವು.

"ಸರ್, ಅವರ ಏಟು ಒಂದೊಂದೂ ಗೆರೆ ಮೇಲೇ ಬಿದ್ದಿದೆ ನೋಡಿ. ಕೊನೇ ತನಕ. ಮಷಿನ್ ಇಲ್ದೆ ಹೀಗೆ ಬಾರಿಸೋರನ್ನ ನಾನು ನೋಡೇ ಇಲ್ಲ. ಇಲ್ಲಿ ಮುಂದಕ್ಕೆ ಓಡಿರೋದು ಗಿಟಾರ್." ತುಸು ತಡೆದು, "ಗಿಟಾರ್ ನಿಮ್ಮದಲ್ವಾ?" ಎಂದಳು.

ಮೂವತ್ತು ವರ್ಷದಿಂದ ನಾನು ಗಿಟಾರ್ ಮೇಷ್ಟ್ರು. ತಾಳ ಬಿಟ್ಟು ಓಡುವ ಹುಡುಗರ ಗೆಣ್ಣಿಗೆ ಸ್ಕೇಲಿನಿಂದ ಕೊಡುತ್ತೇನೆಂದು ಹೆಸರಾದವನು. ಕಣ್ಣೆದುರಿಗಿದ್ದುದನ್ನು ನೋಡಿದೆ. ಸುಳ್ಳಲ್ಲ, ಕುಡಿದ ಕುದುರೆಯ ಹಾಗೆ ಓಡಿದ್ದೆ. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ ಸಿಟ್ಟು ಬಂತು, ಅದೂ ಗಾಜಿನಾಚೆ ಕೂತಿದ್ದ ಅವನ ಮೇಲೆ.

"ಅವರಿಗೆ ತೋರಿಸ್ಲಾ ಸರ್?"

"ಬೇಡಮ್ಮಾ. ಅವನಿಗೆ ಇದೆಲ್ಲ ಅರ್ಥ ಆಗಲ್ಲ."

ಅವಳು ಗೆರೆಗಳನ್ನು ಮುಚ್ಚಿದಳು. ತಗಡು ಹೊರಗೆ ಬಂದ. ಹೆಡ್‌ಫೋನ್ ಒತ್ತಿ ಅವನ ಕಿವಿ ಕೆಂಪಗಾಗಿದ್ದವು.

"ಗುಂಯ್ ಅಂತ ಬಿಟ್ರೆ ಏನೂ ಕೇಳ್ಲಿಲ್ಲ ಕಣೋ. ನೀನು ಮೇಷ್ಟ್ರು, ನೀನೇ ಹೇಳು. ಹಿಂದೆ ಬಿದ್ದಿದ್ನಾ?"

ಸ್ವಲ್ಪವೂ ತಡಮಾಡಲಿಲ್ಲ ನಾನು. "ಬಿದ್ದಿದ್ದೆ" ಎಂದೆ.

"ತುಂಬಾನಾ?"

"ಹಾಡು ಕೆಡೋವಷ್ಟು."

ಅವನು ತಲೆಯಾಡಿಸಿದ. "ಹಾಗಾದ್ರೆ ನೀವು ಮಾಡಿದ್ದೇ ಸರಿ ಬಿಡು. ಇಷ್ಟು ವರ್ಷ ಕಂಡೋರ ಮುಂದೆಲ್ಲ ಬಡಾಯಿ ಕೊಚ್ಕೊಂಡೆ. ನೀವು ಒಂದು ದಿನಾನೂ ನನ್ನ ಮಾನ ಕಳೀಲಿಲ್ಲ. ದೊಡ್ಡ ಮನಸ್ಸು ನಿಮ್ದು" ಎಂದು ನನ್ನ ಕೈಯನ್ನು ತನ್ನ ಎರಡು ಕೈಯಲ್ಲಿ ಹಿಡಿದುಕೊಂಡ. ಬಿಡಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಬಿಗಿಯಾದ ಕೈ.

ಆಮೇಲೆ ಹುಡುಗಿಯ ಕಡೆ ತಿರುಗಿದ. "ಹೊಸ ಕವರಲ್ಲಿ ನನ್ನ ಹೆಸರು ಹಾಕ್ಬೇಡಮ್ಮಾ. ತಪ್ಪಾಗುತ್ತೆ. ಆ ಹೋಟೆಲ್‌ನೋರ ಹೆಸರು ಕೇಳ್ಕೊಂಡು ಅದನ್ನ ಹಾಕು."

ಹುಡುಗಿ ನನ್ನ ಮುಖವನ್ನೇ ನೋಡುತ್ತಾ ನಿಂತಳು.

"ಅವನು ಹೇಳಿದ ಹಾಗೇ ಮಾಡು" ಎಂದೆ.

ಅವಳು ಕವರಿಗೆಂದು ಬರೆದಿಟ್ಟ ಹೆಸರುಗಳ ಹಾಳೆಯಲ್ಲಿ ಅವನ ಹೆಸರನ್ನು ಹೊಡೆದುಹಾಕಿ, ಬೇರೇನಾದರೂ ತಪ್ಪಿದೆಯೇ ನೋಡಿ ಎಂದು ಅದನ್ನು ನನ್ನತ್ತ ತಳ್ಳಿದಳು. ಗಿಟಾರ್ ಎಂದಿದ್ದಲ್ಲಿ ನನ್ನ ಹೆಸರಿತ್ತು. ಎಲ್ಲ ಸರಿಯಾಗಿದೆ ಎಂದು ಸಹಿ ಹಾಕಿಕೊಟ್ಟೆ.