ಅತ್ತಿಗೆ ಮುಚ್ಚಿದ ಖಾತೆ

ಕಂಪನಿಯಲ್ಲಿ ಅವಳನ್ನು ಎದುರಿಗೆ ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಬೀಗ ಎನ್ನುತ್ತಿದ್ದರು. ಐಟಿ ವಿಭಾಗದ ಮುಖ್ಯಸ್ಥೆ. ಒಬ್ಬರ ಪಾಸ್‌ವರ್ಡ್ ಇನ್ನೊಬ್ಬರಿಗೆ ಕೊಡುವಂತಿಲ್ಲ, ಶುಕ್ರವಾರ ಸರ್ವರ್ ಮುಟ್ಟುವಂತಿಲ್ಲ, ಕೆಲಸದಿಂದ ತೆಗೆದವರ ಕಂಪ್ಯೂಟರ್ ಖಾತೆ ಅದೇ ಗಳಿಗೆಯಲ್ಲಿ ಮುಚ್ಚಬೇಕು. ಅವಳು ಕ್ಯಾಂಟೀನಿಗೆ ಬಂದರೆ ಮಾರಾಟ ವಿಭಾಗದವರ ಮಾತು ನಿಲ್ಲುತ್ತಿತ್ತು. ಅವಳೂ ಅವರತ್ತ ತಿರುಗಿ ನೋಡುತ್ತಿರಲಿಲ್ಲ.

ಕೊನೆಯ ನಿಯಮಕ್ಕೆ ಕಾರಣವಿತ್ತು. ಅವಳು ಪ್ರಿಂಟರಿಗೆ ಶಾಯಿ ತುಂಬುತ್ತಿದ್ದ ಕಾಲದಲ್ಲಿ, ಕೆಲಸ ಕಳೆದುಕೊಂಡ ಉಗ್ರಾಣದವನೊಬ್ಬ ಸಿಟ್ಟಿನಲ್ಲಿ ದಾಸ್ತಾನಿನ ವಿವರವನ್ನೆಲ್ಲ ಅಳಿಸಿ ಹೋಗಿದ್ದ. ಅದನ್ನು ಮತ್ತೆ ಟೈಪ್ ಮಾಡಿ ಅವಳ ಬೆರಳುಗಳು ಜೋಮು ಹಿಡಿದಿದ್ದವು. ಮುಖ್ಯಸ್ಥೆಯಾದ ಮೇಲೆ ಮೊದಲು ಮಾಡಿದ್ದೇ ಇದು: ಸಿಬ್ಬಂದಿ ಅಧಿಕಾರಿ ಹೊತ್ತು ಹೇಳಬೇಕು, ಆ ಹೊತ್ತಿಗೆ ಖಾತೆ ತಾನಾಗಿ ಮುಚ್ಚಬೇಕು.

ಈ ಸಲ ಅಧಿಕಾರಿ ಹೇಳಿದ ಹೆಸರು ಅವಳ ಮೈದುನನದು. ಮಾರಾಟ ವಿಭಾಗದವನು, ಒಂದೇ ಮನೆಯಲ್ಲಿದ್ದವನು. ನಾಳೆ ಹನ್ನೊಂದಕ್ಕೆ ಕರೆದು ಹೇಳುತ್ತೇವೆ, ಅಲ್ಲಿಯವರೆಗೆ ಯಾರ ಕಿವಿಗೂ ಬೀಳಬಾರದು ಎಂದರು. ಮರುದಿನ ಅವಳು ಎಂದಿನಂತೆ ಅವನ ಸ್ಕೂಟರಿನಲ್ಲಿ ಹಿಂದೆ ಕೂತು ಬಂದಳು. ಆವತ್ತು ಬರಲಿದ್ದ ಗಿರಾಕಿಗಳ ಬಗ್ಗೆ ಅವನು ದಾರಿಯುದ್ದಕ್ಕೂ ಹೇಳುತ್ತಿದ್ದ. ಅವಳು ಹೂಂಗುಟ್ಟಿದಳು.

ಅವನಿಗೆ ವಿಷಯ ಹೇಳಬೇಕಿದ್ದ ನಿರ್ದೇಶಕರು ತಡವಾಗಿ ಬಂದರು. ಅವನನ್ನು ಕರೆಯುವುದೂ ತಡವಾಯಿತು. ಅದನ್ನು ಅವಳಿಗೆ ಯಾರೂ ತಿಳಿಸಲಿಲ್ಲ, ಅವಳೂ ಕೇಳಲಿಲ್ಲ. ಹನ್ನೊಂದಕ್ಕೆ ಸರಿಯಾಗಿ, ಗಿರಾಕಿಗಳ ಮುಂದೆ ದೊಡ್ಡ ಪರದೆಯಲ್ಲಿ ದರಗಳನ್ನು ತೋರಿಸುತ್ತಿದ್ದವನ ಖಾತೆ ಮುಚ್ಚಿತು. ಅವನು ಅಲ್ಲಿಂದಲೇ ಅವಳಿಗೆ ಫೋನ್ ಮಾಡಿದ.

"ಅತ್ತಿಗೆ, ನನ್ನ ಖಾತೆ ರದ್ದಾಗಿದೆ ಅಂತ ತೋರಿಸ್ತಿದೆ. ಎಲ್ಲರೂ ನೋಡ್ತಿದಾರೆ. ಬೇಗ ಸರಿ ಮಾಡಿ."

"ಇನ್ನೂ ಒಳಗೆ ಕರೆದಿಲ್ವಾ?" ಎಂದುಬಿಟ್ಟಳು ಅವಳು. ಅವನಿಗೆ ಅಷ್ಟೇ ಸಾಕಾಯಿತು.

ಸಂಜೆ ಮನೆಯಲ್ಲಿ ಅವನು ಒಂದೇ ಮಾತು ಕೇಳಿದ. ಗಿರಾಕಿಗಳ ನಂಬರುಗಳೆಲ್ಲ ಆ ಖಾತೆಯಲ್ಲಿವೆ, ಅವಿಲ್ಲದೆ ಬೇರೆ ಕಡೆ ಯಾರೂ ಮೂಸುವುದಿಲ್ಲ, ಸ್ವಲ್ಪ ಹೊತ್ತು ತೆರೆದುಕೊಡಿ. ಅವಳು ಆಗುವುದಿಲ್ಲ ಎಂದಳು.

"ತೆಗೆದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದ ಗಂಡ.

"ಅವು ಕಂಪನಿಯವು."

"ಕಂಪನಿ ನಿನಗೆ ಅಪ್ಪನ ಮನೆ ನೋಡು," ಎಂದರು ಅತ್ತೆ, ಗೋಡೆಗೆ ಹೇಳಿದಂತೆ.

ಮೈದುನ ದನಿ ಏರಿಸಲಿಲ್ಲ. "ಬೆಳಿಗ್ಗೆ ನನ್ನ ಹಿಂದೇನೇ ಕೂತಿದ್ರಲ್ಲ. ಆಗ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅವನು ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡ.

ಮರುದಿನ ಅವಳು ನಿಯಮ ಬದಲಿಸಿದಳು. ಮೊದಲು ಆ ಮನುಷ್ಯನಿಗೆ ಮುಖ ನೋಡಿ ಹೇಳಬೇಕು. ಹೇಳಿದ್ದಾಯಿತೆಂದು ಆ ಕೋಣೆಯಿಂದಲೇ ಫೋನ್ ಬರಬೇಕು. ಆಮೇಲಷ್ಟೇ ಖಾತೆ ಮುಚ್ಚುವುದು. ಸಿಬ್ಬಂದಿ ಅಧಿಕಾರಿ ಓದಿ ನಕ್ಕರು. ಇಷ್ಟು ವರ್ಷ ಹೊರಗಿನವರನ್ನು ಕಳಿಸುವಾಗ ಇದು ಹೊಳೆಯಲಿಲ್ಲವೇ ಎಂದರು. ಅವಳು ಸಹಿಗೆಂದು ಪೆನ್ನು ಅವರ ಮುಂದಿಟ್ಟಳು.

ಭಾನುವಾರ ಮೈದುನ ಬೇರೆ ಬಾಡಿಗೆ ಮನೆಗೆ ಹೊರಟ, ಜೊತೆಗೆ ಅತ್ತೆಯೂ. ಗಂಡ ಮಂಚ ಬಿಚ್ಚಿ ಗಾಡಿಗೆ ಹಾಕುತ್ತಿದ್ದ. ಅವಳು ಪಾತ್ರೆಗಳ ಡಬ್ಬವೊಂದನ್ನು ಎತ್ತಿಕೊಂಡು ಮೆಟ್ಟಿಲಿನವರೆಗೆ ಬಂದಳು. ಅತ್ತೆ ಅದನ್ನು ಅವಳ ಕೈಯಿಂದ ಬಿಡಿಸಿಕೊಂಡರು.

"ಬಿಡು. ನಿನಗೆ ಆಫೀಸಿನ ಕೆಲಸ ಇರುತ್ತೆ."

ಅವರು ಒಂದೊಂದೇ ಮೆಟ್ಟಿಲಿಗೆ ನಿಂತು, ಏದುಸಿರು ಬಿಡುತ್ತ, ತಾವೇ ಹೊತ್ತು ಇಳಿದರು.