ಹೋಗು ಅಂದವರು ಬಾ ಅನ್ನಬೇಕು

ಅಮ್ಮನ ಅಣ್ಣನ ಹೆಂಡತಿ ನನಗೆ ಅತ್ತೆ. ವಯಸ್ಸಿನಲ್ಲಿ ದೊಡ್ಡವಳು, ಬರೆಯುವಾಗ ‘ಅಂದರು’, ‘ಬಂದರು’ ಎಂದು ಮರ್ಯಾದೆ ಕೊಡಬೇಕು ಎಂದು ನನಗೂ ಗೊತ್ತು. ಕೊಡುವುದಿಲ್ಲ. ಎದುರಿಗೆ ಸಿಕ್ಕಾಗ ಈಗಲೂ ಕೊಡುತ್ತೇನೆ, ಅಷ್ಟು ಸಾಕು. ನನ್ನ ಹತ್ತನೇ ತರಗತಿಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ನಾನೂ ಅಮ್ಮನೂ ಅವಳ ಮನೆಯಲ್ಲಿದ್ದೆವು. ಆಗ ಅವಳು ನಮ್ಮನ್ನು ನಡೆಸಿಕೊಂಡ ರೀತಿಗೆ ಏಕವಚನವೇ ಹೆಚ್ಚಾಯಿತು.

ನಮ್ಮ ಮನೆ ಇದ್ದದ್ದು ಮೈಸೂರಿನಲ್ಲಿ. ಒಂದು ಭಾನುವಾರ ಅಪ್ಪನ ಅಕ್ಕ, ಭಾವ ಎಲ್ಲರೂ ಊಟಕ್ಕೆ ಕೂತಿದ್ದಾಗ ಅಪ್ಪ, ಸಾರಿಗೆ ಉಪ್ಪು ಜಾಸ್ತಿ ಎಂಬಲ್ಲಿ ಶುರುವಾದ ಮಾತನ್ನು ಎಳೆದು ಎಳೆದು, “ಇಷ್ಟ ಇದ್ದರೆ ಇರು, ಇಲ್ಲ ಅಂದರೆ ನಿನ್ನ ತವರಿಗೆ ಹೋಗು” ಎಂದರು. ಅಂಥ ಮಾತು ನಮ್ಮ ಮನೆಗೆ ಹೊಸದಲ್ಲ. ನಾಲ್ಕು ಜನರ ಎದುರಿಗೆ ಆಡಿದ್ದು ಹೊಸದು. ಅಮ್ಮ ಎಲ್ಲರಿಗೂ ಮಜ್ಜಿಗೆಯವರೆಗೆ ಬಡಿಸಿದಳು, ಪಾತ್ರೆ ತೊಳೆದಳು, ಮಾರನೆಯ ಬೆಳಿಗ್ಗೆ ಒಂದು ಬ್ಯಾಗಿನ ಜೊತೆ ನನ್ನನ್ನೂ ರೈಲಿಗೆ ಹತ್ತಿಸಿಕೊಂಡು ಚಿಕ್ಕಜಾಜೂರಿನಲ್ಲಿ ಇಳಿದಳು. ಮಾವನ ಮನೆಯ ಬೀದಿಯಲ್ಲಿ ನಿಂತು ನನಗೆ ಹೇಳಿದಳು: “ಹೋಗು ಅಂದವರು ಬಾ ಅನ್ನಬೇಕು. ಅವರಾಗಿ ಬಂದು ಕರೆಯೋ ತನಕ ನಾನು ಹೋಗಲ್ಲ. ಅಲ್ಲೀವರೆಗೆ ಇಲ್ಲಿ ಯಾರು ಏನಂದರೂ ಬಾಯಿ ಮುಚ್ಚಿಕೊಂಡಿರು.”

ಬಾಯಿ ಮುಚ್ಚಿಕೊಂಡಿರುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹಾಜರಿ ಕರೆದಾಗ ನಾನು ‘ಪ್ರೆಸೆಂಟ್’ ಎಂದದ್ದು ಕೇಳದೆ ಮಿಸ್ಸು ಎಷ್ಟೋ ಸಲ ಗೈರುಹಾಜರಿ ಹಾಕಿದ್ದರು. ನಾನು ಅಲ್ಲೇ ಮೂರನೇ ಬೆಂಚಿನಲ್ಲಿ ಕೂತಿರುತ್ತಿದ್ದೆ.

ಆದರೆ ಅಮ್ಮನ ಮಾತಿನ ಭಾರ ನನಗೆ ಗೊತ್ತಾಗಿತ್ತು. ಮುನಿಸಿಕೊಂಡು ತವರಿಗೆ ಬಂದ ಹೆಣ್ಣನ್ನು ಗಂಡ ಬಂದು ಕರೆದುಕೊಂಡು ಹೋದರೆ ಅವಳು ತಲೆ ಎತ್ತಿ ನಡೆಯಬಹುದು. ತಾನಾಗಿ ವಾಪಸು ಹೋದಳೋ, ಮುಗಿಯಿತು. ‘ಎಲ್ಲಿಗೆ ಹೋಗ್ತಾಳೆ, ಬಂದೇ ಬರ್ತಾಳೆ’ ಎಂಬುದನ್ನು ಸಾಯುವ ತನಕ ಕೇಳಿಸಿಕೊಳ್ಳಬೇಕು. ಹಾಗಾಗಿ ಅಪ್ಪ ಬರುವ ತನಕ ಅಮ್ಮ ಆ ಮನೆಯಲ್ಲಿ ಹೇಗಾದರೂ ತಡೆದುಕೊಳ್ಳಬೇಕಿತ್ತು, ಅವಳನ್ನು ಅಷ್ಟರೊಳಗೆ ಎಬ್ಬಿಸಬೇಕು ಎಂಬುದು ಅತ್ತೆಯ ಹಟವಾಗಿತ್ತು.

ನೇರವಾಗಿ ‘ಹೊರಡಿ’ ಎನ್ನುವಷ್ಟು ದಡ್ಡಿಯಲ್ಲ ಅವಳು. ಊರಿನವರಿಗೆ ಹೆದರುತ್ತಿದ್ದಳು. ಹೇಳುವುದನ್ನೆಲ್ಲ ಬೆಕ್ಕಿಗೆ ಹೇಳುತ್ತಿದ್ದಳು. “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರೆ, ನಮ್ಮನೇಗೆ ಹೊರಗಿಂದೆಲ್ಲ ಒಳಕ್ಕೇ ಬರ್ತೈತೆ, ಅಲ್ವೇನೇ” ಎಂದು ಅದರ ಮುಂದೆ ಹಾಲು ಸುರಿಯುವಳು. ಊಟಕ್ಕೆ ಕೂತರೆ ಮುದ್ದೆಯ ತಟ್ಟೆಯನ್ನು ನನ್ನ ಮುಂದೆ ಹಿಡಿದು, “ಇನ್ನೊಂದು ಹಾಕ್ಲಾ? ಬ್ಯಾಡ್ವೇನೇ, ಬಿಡು” ಎಂದು ತಾನೇ ಕೇಳಿ ತಾನೇ ಉತ್ತರ ಹೇಳಿ ಎತ್ತಿಕೊಂಡು ಹೋಗುವಳು. ನನ್ನ ‘ಬೇಕು’ ಗಂಟಲು ದಾಟುವಷ್ಟರಲ್ಲಿ ಅವಳು ಅಡುಗೆಮನೆಯಲ್ಲಿರುತ್ತಿದ್ದಳು. ಮಾವ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ತಮ್ಮ ಕಿರಾಣಿ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಹರಟೆ ಹೊಡೆಯುವ ಮನುಷ್ಯ ಮನೆಗೆ ಬಂದರೆ ಮೂಗನಾಗಿಬಿಡುತ್ತಿದ್ದರು.

ಅವಳ ಉರಿಗೆ ಕಾರಣ ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ. ಅವಳಿಗೊಬ್ಬ ಮಗ, ಡಿಗ್ರಿ ಓದುತ್ತಿದ್ದ. ಬಿಸಿಲಿನಲ್ಲಿ ಬಂದು ನೀರು ಕೇಳಿದ, ಹತ್ತಿರದಲ್ಲಿದ್ದೆ, ಕೊಟ್ಟೆ. ಅತ್ತೆ ಎಲ್ಲಿದ್ದಳೋ, ಬಂದು ಅವನ ಕೈಯಿಂದ ಚೊಂಬು ಕಸಿದು ಅಂಗಳಕ್ಕೆ ಚೆಲ್ಲಿದಳು. “ಗುಮ್ಮನಗುಸ್ಕಿ. ಬಾಯಿ ಇಲ್ದಿರೋರನ್ನೇ ನಂಬಬಾರ್ದು” ಎಂದಳು. ಸೋದರಮಾವನ ಮಗ ಎಂದರೆ ನಮ್ಮ ಕಡೆ ತೊಟ್ಟಿಲಿನಿಂದಲೇ ವರನ ಲೆಕ್ಕ. ಗಂಡನ ಜಗಳ ಒಂದು ನೆಪ, ಅಮ್ಮ ನನ್ನನ್ನು ಅವನಿಗೆ ಗಂಟು ಹಾಕಲು ಬಂದು ಕೂತಿದ್ದಾಳೆ ಎಂದು ಅವಳ ತಲೆಗೆ ಹೊಕ್ಕಿತ್ತು. ಅಂದಿನಿಂದ ಮಗನ ಹಾಸಿಗೆ ಅಂಗಡಿಗೆ ಹೋಯಿತು. ಆ ಮಹಾನುಭಾವ ಮೊಬೈಲಿನಿಂದ ಕತ್ತೆತ್ತಿ ನನ್ನ ಮುಖವನ್ನು ಸರಿಯಾಗಿ ನೋಡಿದ್ದೂ ಇಲ್ಲ. ಅವನನ್ನು ಹಿಡಿಯಲು ಮೈಸೂರಿನಿಂದ ರೈಲು ಹತ್ತಿ ಬರಬೇಕಿತ್ತೇ?

ತನಗೆ ಅಂದದ್ದನ್ನೆಲ್ಲ ನುಂಗಿದ ಅಮ್ಮ ನನಗೆ ಅಂದದ್ದನ್ನು ನುಂಗಲಾರದೆ ಆ ಸಂಜೆ ಸೀರೆ ಮಡಿಸಲು ಶುರು ಮಾಡಿದಳು. ಮತ್ತೆ ತಡೆದುಕೊಂಡಳು. ಅತ್ತೆ ಬಾಗಿಲಲ್ಲಿ ನಿಂತು ಅದನ್ನು ನೋಡಿದ್ದಳು. ಎಲ್ಲಿ ಒತ್ತಿದರೆ ಅಮ್ಮ ಏಳುತ್ತಾಳೆ ಎಂದು ಅವಳಿಗೆ ತಿಳಿದುಹೋಯಿತು, ನನಗೂ ತಿಳಿಯಿತು. ನಾನು ಕಣ್ಣಿಗೆ ಬಿದ್ದಷ್ಟೂ ಅಮ್ಮನಿಗೆ ಕಷ್ಟ. ಮಾರನೆಯ ದಿನದಿಂದ ಕಾಫಿ ಕುಡಿದ ತಕ್ಷಣ ಮನೆ ಬಿಟ್ಟು ಹೊರಗೆ ಹೋಗತೊಡಗಿದೆ.

ಹೋಗುವುದಕ್ಕೆ ಜಾಗ ಎಲ್ಲಿತ್ತು? ರೈಲ್ವೆ ಕ್ವಾರ್ಟರ್ಸಿನ ಹಿಂದೆ ಒಂದು ಬಯಲಿತ್ತು, ಅದರ ಅಂಚಿನ ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದೆ. ಅಲ್ಲಿ ಹುಡುಗಿಯರು ಖೋ ಖೋ ಆಡುತ್ತಿದ್ದರು. ಹೊಸದುರ್ಗದ ಹುಡುಗಿಯರ ಮೇಲೆ ಹೊಳಲ್ಕೆರೆಯಲ್ಲಿ ಪಂದ್ಯವಿತ್ತು, ಅದಕ್ಕೆ ತಯಾರಿ. ಇವರಲ್ಲೊಬ್ಬಳು ಹಿರಿಯೂರಿನ ಅಜ್ಜಿ ಮನೆಗೆ ಹೋದವಳು ಬಂದಿರಲಿಲ್ಲ. ಸಾಲಿನಲ್ಲಿ ಎಂಟು ಜನ ಕೂರಬೇಕು, ಒಂದು ಜಾಗ ಖಾಲಿ. ಗ್ಯಾಂಗ್‌ಮನ್ ಒಬ್ಬರ ಮಗಳು ಅವರ ಕ್ಯಾಪ್ಟನ್. ಮೂರನೇ ದಿನವೋ ನಾಲ್ಕನೇ ದಿನವೋ ನನ್ನ ಕಡೆ ತಿರುಗಿ ಕೂಗಿದಳು.

“ಲೇ, ಮರ ಕಾಯ್ತಾ ಇದೀಯೇನೇ? ಬಂದು ಕುಂತ್ಕ. ಕುಂದ್ರಾಕಾದ್ರೂ ಬರ್ತೈತಾ?”

ಕೂರುವುದು ನನಗೆ ಚೆನ್ನಾಗಿಯೇ ಬರುತ್ತಿತ್ತು. ಹೋಗಿ ಕೂತೆ.

ಓಡುವುದೂ ಬರುತ್ತದೆ ಎಂಬುದು ನನಗೇ ಗೊತ್ತಿರಲಿಲ್ಲ. ಬರದಿದ್ದದ್ದು ಒಂದೇ. ಓಡಿ ಸುಸ್ತಾದವಳು ಕೂತವಳ ಬೆನ್ನು ಮುಟ್ಟಿ ‘ಖೋ’ ಎನ್ನಬೇಕು, ಆಗ ಅವಳು ಎದ್ದು ಓಡುತ್ತಾಳೆ. ನಾನು ಮುಟ್ಟಿದೆ, ಬಾಯಿ ಬಿಡಲಿಲ್ಲ. ಮುಂದೆ ಕೂತವಳು ಕದಲಲಿಲ್ಲ. ಇನ್ನೊಮ್ಮೆ ಮುಟ್ಟಿದೆ. ಕಲ್ಲಿನ ಹಾಗೆ ಕೂತಿದ್ದಳು.

“ಬಾಯಾಗೆ ಏನು ಇಟ್ಕಂಡಿದೀಯ ಮೈಸೂರ್ಪಾಕು?” ಎಂದಳು ಕ್ಯಾಪ್ಟನ್. “ಮುಟ್ಟಿದ್ರೆ ಸಾಲಲ್ಲ, ಅನ್ಬೇಕು. ಅಂದ್ರೆ ಸಾಲಲ್ಲ, ಮುಟ್ಬೇಕು. ಎಲ್ಡೂ ಒಟ್ಟಿಗೆ ಆಗ್ದಂಗೆ ಇವಳೇನಾದ್ರೂ ಎದ್ರೆ ಇಡೀ ಟೀಮಿಗೆ ಫೌಲು. ತಿಳೀತಾ?”

ಆ ಹುಡುಗಿಯರು ನನ್ನನ್ನು ಮುದ್ದು ಮಾಡಲಿಲ್ಲ. ದಿನವೂ ಬೈದರು. ಕತ್ತೆ ಎಂದರು, ನಿದ್ದೆಗಣ್ಣಿ ಎಂದರು, ನಾನು ಅವರ ಹಾಗೆ ‘ಐತೆ’ ಅನ್ನದೆ ‘ಇದೆ’ ಎಂದಾಗಲೆಲ್ಲ ಮೂಗು ಹಿಡಿದುಕೊಂಡು ‘ಇದೇ...’ ಎಂದು ರಾಗ ಎಳೆದರು. ಆದರೆ ಒಂದು ದಿನ ನಾನು ಹೋಗುವುದು ತಡವಾದಾಗ ಕ್ಯಾಪ್ಟನ್ ಮಾವನ ಮನೆ ಬಾಗಿಲಿಗೇ ಬಂದು, ಅತ್ತೆಯ ಮುಖವನ್ನೂ ನೋಡದೆ, “ನಮ್ಮ ಹುಡುಗಿ ಎಲ್ಲಿ?” ಎಂದಳು. ನಮ್ಮ ಹುಡುಗಿ. ಒಳಗೆ ಅಕ್ಕಿ ಆರಿಸುತ್ತಿದ್ದ ನಾನು ಮೊರ ಬಿಟ್ಟು ಓಡಿದೆ. ಆ ಬೆಳಿಗ್ಗೆ ನನ್ನ ‘ಖೋ’ ಕೇಳಿ ಹಳಿಯ ಆಚೆ ಮೇಯುತ್ತಿದ್ದ ಎಮ್ಮೆ ತಿರುಗಿ ನೋಡಿತು ಎಂದು ಅವರು ಬಹಳ ದಿನ ಆಡಿಕೊಂಡರು. ನನಗೆ ಖುಷಿಯಿಂದ ಅಳು ಬಂದಿತ್ತು, ಬೆವರು ಒರೆಸಿಕೊಂಡ ಹಾಗೆ ಮಾಡಿದೆ.

ಪಂದ್ಯದ ಹಿಂದಿನ ದಿನ ಅಮ್ಮನಿಗೆ ಫೋನ್ ಬಂತು. ಅಷ್ಟು ದಿನ ಒಮ್ಮೆಯೂ ಮಾಡದಿದ್ದ ಅಪ್ಪ.

“ಸ್ಟೇಷನ್ನಲ್ಲಿದ್ದೀನಿ. ಇನ್ನು ಸ್ವಲ್ಪ ಹೊತ್ತಿಗೆ ಮೈಸೂರಿನ ಗಾಡಿ ಬರುತ್ತೆ. ಬ್ಯಾಗ್ ತಗೊಂಡು ಬಂದುಬಿಡಿ.”

ಮನೆಗೆ ಬರಲಾರರು. ಬಂದರೆ ಸೋತ ಹಾಗೆ. ಸ್ಟೇಷನ್ನಿಗೆ ಬಂದರೆ, ಕರೆದರು ಎಂದು ನಾವು ಅಂದುಕೊಳ್ಳಬೇಕು, ಕರೆಯಲಿಲ್ಲ ಎಂದು ಅವರು ಅಕ್ಕನ ಮುಂದೆ ಹೇಳಿಕೊಳ್ಳಬಹುದು. ಎಂಥ ಬುದ್ಧಿವಂತಿಕೆ.

ಫೋನಿನ ಮಾತು ಅತ್ತೆಯ ಕಿವಿಗೆ ಬಿದ್ದದ್ದೇ ತಡ, ನಮ್ಮ ಬ್ಯಾಗು ಹೊಸಿಲ ಹೊರಗೆ ಬಂತು. ಅಷ್ಟು ಚುರುಕಾಗಿ ಅವಳು ನಮಗೆ ಯಾವತ್ತೂ ಏನೂ ಎತ್ತಿ ಕೊಟ್ಟವಳಲ್ಲ. “ಕರೆದ್ರಲ್ಲ, ಇನ್ನೇನು? ಪಲ್ಲಕ್ಕಿ ತರಬೇಕಿತ್ತಾ?” ಎಂದಳು. ಮಾವ, “ಇಲ್ಲಿಗಂಟ ಬಂದವ್ರೆ... ಹೋಗಿ ಬಾರವ್ವ” ಎಂದು ಗೋಡೆಗೆ ಹೇಳಿದರು. ಅಮ್ಮನ ಮುಖ ಬಿಳುಚಿಕೊಂಡಿತ್ತು. ಮಂಡಿಯ ಮೇಲೆ ಕೈಯೂರಿ ಏಳಲು ಹೊರಟಳು.

“ಕೂತ್ಕೋ ಅಮ್ಮ, ಏಳಬೇಡ” ಎಂದೆ. ಬಯಲಿನ ಗಂಟಲು ಅದು, ಪಕ್ಕದ ಮನೆಯವರೂ ಹೊರಗೆ ಬಂದರು. “ಇದು ಕರೆದ ಹಾಗಲ್ಲ. ಬಂದು ಮುಟ್ಟಿಲ್ಲ. ಎದ್ದರೆ ಫೌಲು.”

ಯಾರಿಗೂ ಅರ್ಥವಾಗಲಿಲ್ಲ. ನನಗಂತೂ ಅದಕ್ಕಿಂತ ಸ್ಪಷ್ಟವಾಗಿ ಹೇಳುವ ಬೇರೆ ಮಾತು ಗೊತ್ತಿರಲಿಲ್ಲ. ಅಮ್ಮನ ಕೈಯಿಂದ ಫೋನ್ ತೆಗೆದುಕೊಂಡೆ. “ಅಪ್ಪ, ಸ್ಟೇಷನ್ನಿನ ಮೈಕು ಮನೆಯೊಳಗೆ ಕೇಳೋ ಅಷ್ಟು ಹತ್ತಿರ ಐತೆ. ನಡ್ಕೊಂಡು ಬಂದು ಕರೀರಿ.” ಅವರು ಫೋನ್ ಕಟ್ ಮಾಡಿದರು.

“ನೋಡಿದ್ಯಾ ಗುಮ್ಮನಗುಸ್ಕಿ ಬಾಯಿ” ಎಂದಳು ಅತ್ತೆ. “ತಾಯಿ ಸಂಸಾರಕ್ಕೆ ಮಗಳೇ ಕೊಳ್ಳಿ ಇಟ್ಲು.”

ಮೈಕು ಮೈಸೂರಿನ ಗಾಡಿ ಬರುತ್ತಿದೆ ಎಂದಿತು. ಗಾಡಿ ಬಂದು ನಿಂತದ್ದು ಕೇಳಿಸಿತು. ಹೊರಟದ್ದೂ ಕೇಳಿಸಿತು. ಬ್ಯಾಗು ಬಿಸಿಲಿನಲ್ಲಿ ಬಿದ್ದಿತ್ತು, ಒಬ್ಬರೂ ಒಳಗೆ ತರಲಿಲ್ಲ. ಅಪ್ಪ ಹೋಗಿದ್ದರೆ ಅಮ್ಮ ಇನ್ನು ಅಲ್ಲೂ ಇಲ್ಲ, ಇಲ್ಲೂ ಇಲ್ಲ, ಅದು ನನ್ನಿಂದ. ಅಮ್ಮ ನನ್ನನ್ನು ಬೈಯಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತೇ ಇದ್ದಳು.

ಆಮೇಲೆ ಬೀದಿಯ ತಿರುವಿನಲ್ಲಿ ಅಪ್ಪ ಕಾಣಿಸಿದರು. ಅಂಗಿ ಬೆನ್ನಿಗೆ ಅಂಟಿತ್ತು. ಅತ್ತೆಯ ಬಾಯಿಗೆ ಎಲ್ಲಿಂದ ಬಂತೋ ಆ ಬೆಲ್ಲ, “ಬರ್ರಿ ಬರ್ರಿ, ಕುಂತ್ಕಳ್ರಿ, ಬಿಸಿಲಾಗೆ ನಡ್ಕಂಡ್ ಬಂದ್ರಾ” ಎಂದು ನೀರಿಗೆ ಓಡಿದಳು. ಅಪ್ಪ ಹೊಸಿಲ ಹೊರಗೇ ನಿಂತರು. ಅಕ್ಕಪಕ್ಕದವರು ನೋಡುತ್ತಿದ್ದುದು ಅವರಿಗೆ ಗೊತ್ತಿತ್ತು. ನೆಲ ನೋಡುತ್ತಾ, “ಬಾ” ಎಂದರು.

“ಏನಂದ್ರಿ? ಕೇಳಿಸಲಿಲ್ಲ” ಎಂದಳು ಅಮ್ಮ.

ಅಪ್ಪ ತಲೆ ಎತ್ತಿದರು. ನಾನು ಹೆದರಿದೆ, ಆ ಮುಖ ನನಗೆ ಗೊತ್ತಿತ್ತು. ಆ ದಿನದ ನಂತರ ಅವರು ಬದಲಾದರು ಎಂದು ಬರೆಯಲು ನನಗೆ ಆಗುವುದಿಲ್ಲ, ಸಾರಿನ ಉಪ್ಪಿನ ಮಾತು ಈಗಲೂ ಬರುತ್ತದೆ. ಆದರೆ ‘ಹೋಗು’ ಎಂಬುದು ಮತ್ತೆ ಅವರ ಬಾಯಲ್ಲಿ ಬರಲಿಲ್ಲ.

“ಮನೆಗೆ ಬಾ ಅಂದೆ” ಎಂದರು ಗಟ್ಟಿಯಾಗಿ. ಎದುರು ಮನೆಯ ಜಗಲಿಗೂ ಕೇಳಿಸಿತು.

ಅಮ್ಮ ಎದ್ದಳು. ಹೊರಗೆ ಹೋಗಿ ಬಿಸಿಲಿಗೆ ಕಾದಿದ್ದ ಬ್ಯಾಗನ್ನು ಎತ್ತಿಕೊಂಡು, ಅಪ್ಪನನ್ನು ದಾಟಿಕೊಂಡು ಒಳಗೆ ಬಂದಳು.

“ನಾಡಿದ್ದು ಬರ್ತೀನಿ” ಎಂದಳು. “ನಾಳೆ ನನ್ನ ಮಗಳ ಆಟ ಇದೆ, ನೋಡಬೇಕು. ನೀವೂ ಇರಿ.”

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು.